ಕಾರಿನ ಸ್ಟೀರಿಯೋದಲ್ಲಿ ಮನೆಯಲ್ಲೇ ಬರೆದ ಸಿ.ಡಿ.: ಯಾವ ಬಗೆಯನ್ನು ಆರಿಸಬೇಕು?

ಕಾಸರಗೋಡು ಸೀಮೆಯ ಕನ್ನಡಿಗರು ಕಾರಿನಲ್ಲಿ ಕೇಳಬಯಸುವ ಧ್ವನಿಮುದ್ರಣಗಳಲ್ಲಿ ಒಂದು ದೊಡ್ಡ ಪಾಲು ಅಂಗಡಿಯಲ್ಲಾಗಲಿ, ಹಾಡು ಕೇಳಿಸುವ ಆ್ಯಪ್‌ಗಳಲ್ಲಾಗಲಿ ಸಿಗುವಂಥದ್ದಲ್ಲ. ಊರ ದೇವಸ್ಥಾನದ ಉತ್ಸವದಲ್ಲಿ ನಡೆದ ತಾಳಮದ್ದಳೆ, ಭಜನಾ ಮಂದಿರದ ಏಕಾಹ, ಕ್ಯಾಸೆಟ್ಟಿನ ಕಾಲದಲ್ಲಿ ಯಾರೋ ಆಸ್ಥೆಯಿಂದ ಮುದ್ರಿಸಿಟ್ಟ ಭಾಗವತಿಕೆ, ಮನೆಯ ಹಿರಿಯರು ಮದುವೆಯಲ್ಲಿ ಹಾಡಿದ ಶೋಭಾನೆ, ಇವೆಲ್ಲ ಈಗ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಕಡತಗಳಾಗಿ ಕುಳಿತಿವೆ. ಇತ್ತ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಹೋದರೆ ಸಿ.ಡಿ. ಹಾಕುವ ಸೀಳಿರುವ ಹಳೆಯ ಸ್ಟೀರಿಯೋಗಳುಳ್ಳ ಕಾರುಗಳು ಈಗಲೂ ಓಡುತ್ತಿವೆ. ಆ ಕಡತಗಳನ್ನು ಈ ಸ್ಟೀರಿಯೋಗಳಿಗೆ ತಲುಪಿಸುವ ದಾರಿಗಳು ಹಲವು ಇವೆ. ಆದರೆ ಎಲ್ಲ ಕಾರಿಗೂ, ಎಲ್ಲ ಬಗೆಯ ಮುದ್ರಣಕ್ಕೂ ಒಂದೇ ದಾರಿ ಒಗ್ಗುವುದಿಲ್ಲ.

ಬರೆದ ಸಿ.ಡಿ. ಕಾರಿನಲ್ಲಿ ಓಡದೆ ಹೋದಾಗ ಹೆಚ್ಚಿನವರು ಡಿಸ್ಕಿನ ಕಂಪೆನಿಯನ್ನು ದೂರುತ್ತಾರೆ, ಇಲ್ಲವೇ ಸ್ಟೀರಿಯೋ ಹಾಳಾಯಿತೆಂದು ತೀರ್ಮಾನಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಡಿಸ್ಕಿನ ಗುಣಮಟ್ಟವನ್ನು ಕಟ್ಟಕಡೆಗೆ ಶಂಕಿಸಿದರೆ ಸಾಕು. ಸ್ಟೀರಿಯೋಗೆ ತಿಳಿಯದ ಸ್ವರೂಪದಲ್ಲಿ ಬರೆದಿರುವುದು, ಬರೆದ ಮೇಲೆ ಡಿಸ್ಕನ್ನು ಮುಕ್ತಾಯಗೊಳಿಸದಿರುವುದು, ಅದಕ್ಕೆ ಹೊಂದದ ಜಾತಿಯ ಖಾಲಿ ಡಿಸ್ಕನ್ನು ಬಳಸಿರುವುದು, ಈ ಮೂರರಲ್ಲಿ ಒಂದು ಕಾರಣ ಇರುವುದೇ ಹೆಚ್ಚು. ಮೂರೂ ಬರೆಯುವವರ ಕೈಯಲ್ಲೇ ಇರುವ ಆಯ್ಕೆಗಳು.

ಮೊದಲು ಸ್ಟೀರಿಯೋದ ಮುಖವನ್ನು ಓದಿ

ಸೀಳಿನ ಪಕ್ಕದಲ್ಲೋ ಗುಂಡಿಗಳ ಕೆಳಗೋ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಚಿಹ್ನೆಗಳೇ ಇಲ್ಲಿ ಮೊದಲ ಪ್ರಮಾಣ. ‘ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ’ ಎಂಬ ಚಿಹ್ನೆ ಮಾತ್ರ ಇದ್ದರೆ ಆ ಸ್ಟೀರಿಯೋಗೆ ತಿಳಿದಿರುವುದು ಒಂದೇ ಭಾಷೆ. ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು 1980ರಲ್ಲಿ ಸೇರಿ ಗೊತ್ತುಪಡಿಸಿದ ಆಡಿಯೋ ಸಿ.ಡಿ.ಯ ಭಾಷೆ. ಅಂಥ ಸ್ಟೀರಿಯೋಗೆ ಎಂಪಿ3 ಕಡತಗಳನ್ನು ತುಂಬಿದ ಡಿಸ್ಕು ಕೊಟ್ಟರೆ ಅದು ಸ್ವಲ್ಪ ಹೊತ್ತು ತಿರುಗಿ, ‘ಎರರ್’ ಎಂದು ತೋರಿಸಿ, ಡಿಸ್ಕನ್ನು ಹೊರಗೆ ತಳ್ಳುತ್ತದೆ. ಧ್ವನಿಯನ್ನು ಕುಗ್ಗಿಸಿಡುವ ಕಡತದ ಬಗೆಗಳಾದ ಎಂಪಿ3 ಅಥವಾ ಡಬ್ಲ್ಯುಎಂಎ ಎಂದೂ ಬರೆದಿದ್ದರೆ ಆಯ್ಕೆ ವಿಸ್ತಾರವಾಗುತ್ತದೆ. ಸಿ.ಡಿ.-ಆರ್/ಆರ್‌ಡಬ್ಲ್ಯು ಎಂಬ ಗುರುತು ಇದ್ದರೆ ಮರುಬರಹದ ಡಿಸ್ಕುಗಳನ್ನೂ ಅದು ಓದಬಲ್ಲದು. ಮುಂಭಾಗದಲ್ಲಿ ಯುಎಸ್‌ಬಿ ಕಿಂಡಿಯೋ 3.5 ಮಿಲಿಮೀಟರಿನ ದುಂಡನೆಯ ಆಕ್ಸ್ ತೂತೋ ಇದ್ದರೆ ಡಿಸ್ಕಿನ ಗೊಡವೆಯೇ ಬೇಡವೆಂದು ನೀವು ನಿರ್ಧರಿಸಲೂಬಹುದು. ಆ ಮಾತಿಗೆ ಮುಂದೆ ಬರುತ್ತೇನೆ.

ಬಳಕೆದಾರರ ಕೈಪಿಡಿ ಉಳಿದಿದ್ದರೆ ಅದರಲ್ಲಿ ಗರಿಷ್ಠ ಎಷ್ಟು ಕಡತ, ಎಷ್ಟು ಫೋಲ್ಡರ್, ಎಷ್ಟು ಬಿಟ್‌ರೇಟ್ (ಒಂದು ಸೆಕೆಂಡಿನ ಧ್ವನಿಗೆ ಬಳಸುವ ಬಿಟ್‌ಗಳ ಪ್ರಮಾಣ) ಎಂಬ ಪಟ್ಟಿ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರಿಗೆ ಕೈಪಿಡಿ ಸಿಗುವುದು ಅಪರೂಪ. ಆಗ ಮಾದರಿಯ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಬಹುದು.

ಆಡಿಯೋ ಸಿ.ಡಿ.ಯೋ, ಎಂಪಿ3 ಸಿ.ಡಿ.ಯೋ?

ಸ್ಟೀರಿಯೋ ಎರಡನ್ನೂ ಓದುವುದಾದರೆ ಇದೇ ನಿಜವಾದ ಪ್ರಶ್ನೆ. ಉತ್ತರವು ನೀವು ಕೇಳಬಯಸುವ ಮುದ್ರಣ ಎಂಥದ್ದು ಎಂಬುದನ್ನು ಅವಲಂಬಿಸಿದೆ.

ಆಡಿಯೋ ಸಿ.ಡಿ.ಯಲ್ಲಿ ಧ್ವನಿಯನ್ನು ಕುಗ್ಗಿಸದೆ, ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್‌ಗಳ ಮಾದರಿಗಳಾಗಿ, ಎಡಬಲ ಎರಡು ಧಾರೆಗಳಲ್ಲಿ ಬರೆಯಲಾಗುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್‌ಗಳಾಗುತ್ತವೆ. ಹೀಗಾಗಿ ಮೊದಲಿನ ಡಿಸ್ಕುಗಳಲ್ಲಿ 74 ನಿಮಿಷ, ಈಗ ಸಾಮಾನ್ಯವಾಗಿ ಸಿಗುವವುಗಳಲ್ಲಿ 80 ನಿಮಿಷ ಮಾತ್ರ ಹಿಡಿಸುತ್ತದೆ. ಕಂಪ್ಯೂಟರಿನಲ್ಲಿರುವ ಹಾಡು ಕುಗ್ಗಿಸಿದ ಎಂಪಿ3 ಕಡತವೇ ಆಗಿದ್ದರೂ ಬರೆಯುವ ತಂತ್ರಾಂಶ ಅದನ್ನು ಬಿಚ್ಚಿ ಈ ಸ್ವರೂಪಕ್ಕೆ ತರುತ್ತದೆ. ಕುಗ್ಗಿಸಿದಾಗ ಕಳೆದುಹೋದ ಗುಣ ಅದರಿಂದ ಮರಳಿ ಬರುವುದಿಲ್ಲ, ಜಾಗ ಮಾತ್ರ ಪೂರ್ತಿ ಬೇಕಾಗುತ್ತದೆ. ಇದರ ದೊಡ್ಡ ಲಾಭ ಹೊಂದಾಣಿಕೆ. ಸಿ.ಡಿ. ಓದುವ ಯಾವ ಕಾರಿನಲ್ಲಾದರೂ ಈ ಸ್ವರೂಪ ನಡೆಯುತ್ತದೆ.

ಎಂಪಿ3 ಸಿ.ಡಿ. ಎಂದರೆ ಕಡತಗಳನ್ನು ಕಡತಗಳಾಗಿಯೇ ಇಟ್ಟ ಡೇಟಾ ಡಿಸ್ಕು. 700 ಎಂಬಿಯ ಡಿಸ್ಕಿನಲ್ಲಿ ಸೆಕೆಂಡಿಗೆ 128 ಕಿಲೋಬಿಟ್‌ನ ಹಾಡುಗಳು ಸುಮಾರು 12 ಗಂಟೆ, 192 ಕಿಲೋಬಿಟ್‌ನವು ಸುಮಾರು 8 ಗಂಟೆ ಹಿಡಿಸುತ್ತವೆ. 320 ಕಿಲೋಬಿಟ್ ಆದರೆ ಸುಮಾರು ಐದು ಗಂಟೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ದಾರಿ. ಹೋಗಿ ಬರುವಷ್ಟರಲ್ಲಿ ಒಂದು ಆಡಿಯೋ ಸಿ.ಡಿ. ಮುಗಿದು ಮತ್ತೆ ಮೊದಲಿನಿಂದ ಶುರುವಾಗಿರುತ್ತದೆ. ಎಂಪಿ3 ಡಿಸ್ಕು ವಾರವಿಡೀ ಸಾಕು.

ಬಿಡಿ ಹಾಡುಗಳಿಗೆ ಈ ಎರಡರಲ್ಲಿ ಯಾವುದಾದರೂ ಆದೀತು. ತಾಳಮದ್ದಳೆಗೆ ಬಂದಾಗ ವಿಷಯ ಸೂಕ್ಷ್ಮವಾಗುತ್ತದೆ. ಮೂರು ನಾಲ್ಕು ಗಂಟೆಯ ಕೂಟವೊಂದನ್ನು ಆಡಿಯೋ ಸಿ.ಡಿ.ಗೆ ಇಳಿಸಿದರೆ ಮೂರು ಡಿಸ್ಕುಗಳಾಗುತ್ತವೆ. ವಾದ ಪ್ರತಿವಾದ ಏರಿದ ಹೊತ್ತಿನಲ್ಲೇ ಡಿಸ್ಕು ಬದಲಿಸಬೇಕಾದ ಪ್ರಸಂಗ ಬರುತ್ತದೆ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದವರಿಗೆ ಇನ್ನೊಂದು ತೊಡಕು: 60 ನಿಮಿಷದ ಕ್ಯಾಸೆಟ್ಟು ಒಂದು ಡಿಸ್ಕಿನಲ್ಲಿ ಹಿಡಿಸಿದರೂ 90 ನಿಮಿಷದ್ದು ಹಿಡಿಸುವುದಿಲ್ಲ, ಕೊನೆಯ ಹತ್ತು ನಿಮಿಷ ಹೊರಗುಳಿಯುತ್ತದೆ. 90 ನಿಮಿಷ, 99 ನಿಮಿಷ ಎಂದು ಬರೆದ ಖಾಲಿ ಡಿಸ್ಕುಗಳೂ ಇವೆ. ಅವುಗಳಲ್ಲಿ ಸುರುಳಿಯ ಗೆರೆಗಳನ್ನು ನಿಗದಿತ ಅಂತರಕ್ಕಿಂತ ಒತ್ತಾಗಿ ಹೆಣೆದಿರುವುದರಿಂದ ಕಾರಿನ ಸ್ಟೀರಿಯೋಗಳು ಅವನ್ನು ಓದಲು ಹೆಣಗುತ್ತವೆ. ಅವುಗಳ ಆಸೆ ಬೇಡ. ಇಂಥ ಉದ್ದದ ಮುದ್ರಣಗಳಿಗೆ ಎಂಪಿ3 ಡಿಸ್ಕೇ ಸರಿಯಾದ ಆಯ್ಕೆ. ಮಾತೇ ಪ್ರಧಾನವಾದ, ಒಂದೇ ಮೈಕಿನಿಂದ ಮುದ್ರಿಸಿದ ಕೂಟವನ್ನು ಮೋನೋ ರೂಪದಲ್ಲಿ 64 ಕಿಲೋಬಿಟ್‌ಗೆ ಇಳಿಸಿದರೂ ಅರ್ಥಗಾರಿಕೆ ಸ್ಪಷ್ಟವಾಗಿಯೇ ಕೇಳುತ್ತದೆ, ಚೆಂಡೆ ಮದ್ದಳೆಗಳ ಮೊನಚು ಮಾತ್ರ ತುಸು ಮೊಂಡಾಗುತ್ತದೆ. ಭಾಗವತಿಕೆಗಾಗಿಯೇ ಕೇಳುವವರು 128ಕ್ಕಿಂತ ಕೆಳಗಿಳಿಯದಿರುವುದು ಒಳ್ಳೆಯದು. ಬಿಟ್‌ರೇಟನ್ನು ಎಷ್ಟು ಇಳಿಸಿದರೂ ಮಾದರಿಯ ದರವನ್ನು, ಅಂದರೆ ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುವುದೆಂಬುದನ್ನು, 44.1 ಕಿಲೋಹರ್ಟ್ಸ್‌ನಲ್ಲೇ ಇಡಬೇಕು. ಅದರ ಅರ್ಧ ದರದ ಕಡತಗಳನ್ನು ಕೆಲವು ಸ್ಟೀರಿಯೋಗಳು ಮುಟ್ಟುವುದಿಲ್ಲ.

ಇಡೀ ಕೂಟವನ್ನು ಒಂದೇ ಕಡತವಾಗಿ ಇಡುವುದಂತೂ ಯಾವ ಕಾರಣಕ್ಕೂ ಬೇಡ. ಕಾರು ನಿಲ್ಲಿಸಿ ಮತ್ತೆ ಹೊರಟಾಗ ಕೆಲವು ಸ್ಟೀರಿಯೋಗಳು ಕಡತದ ಆರಂಭಕ್ಕೇ ಹೋಗಿಬಿಡುತ್ತವೆ. ಎರಡು ಗಂಟೆ ಮುಂದಕ್ಕೆ ಓಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹತ್ತು ಹದಿನೈದು ನಿಮಿಷಗಳ ತುಂಡುಗಳಾಗಿ ಮಾಡಿಕೊಳ್ಳಬಹುದು. ತುಂಡರಿಸುವ ಜಾಗ ಪದ ಮುಗಿದು ಅರ್ಥ ಆರಂಭವಾಗುವ ಸಂಧಿಯಾಗಿರಲಿ. ಎಂಪಿ3 ಮಾಡುವಾಗ ಪ್ರತಿ ಕಡತದ ಆದಿ ಅಂತ್ಯಗಳಲ್ಲಿ ಕ್ಷಣದ ಒಂದಂಶದಷ್ಟು ಮೌನ ಸೇರಿಕೊಳ್ಳುತ್ತದೆ. ಆಲಾಪದ ನಡುವೆ ಕತ್ತರಿ ಬಿದ್ದರೆ ಆ ಮೌನವು ಮುಗ್ಗರಿಸಿದಂತೆ ಕೇಳುತ್ತದೆ. ಅವಿಚ್ಛಿನ್ನವಾಗಿ ಸಾಗುವ ಗಾಯನಕ್ಕೆ ಆಡಿಯೋ ಸಿ.ಡಿ.ಯೇ ಮೇಲು. ಅಲ್ಲಿ ಹಾಡು ನಿಲ್ಲದೆಯೇ ನಡುನಡುವೆ ಟ್ರ್ಯಾಕಿನ ಗುರುತುಗಳನ್ನು, ಒಟ್ಟು 99ರವರೆಗೆ, ಇಡುವುದಕ್ಕೆ ಸಾಧ್ಯವಿದೆ.

ರಸ್ತೆಯ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಚೆರ್ಕಳದಿಂದ ಮೇಲಕ್ಕೆ ಹೋಗುವ ದಾರಿಗಳಲ್ಲಿ ಚಕ್ರ ಹೊಂಡಕ್ಕೆ ಇಳಿದಾಗ ಮಸೂರ ಜಾರಿ ಹಾಡು ತುಂಡಾಗುವುದು ಆಡಿಯೋ ಸಿ.ಡಿ.ಯ ಹಳೆಯ ರೋಗ. ಸ್ಟೀರಿಯೋ ಮುಂದಿನ ಕೆಲವು ಸೆಕೆಂಡುಗಳ ಧ್ವನಿಯನ್ನು ಸ್ಮೃತಿಯಲ್ಲಿ ಕೂಡಿಟ್ಟುಕೊಂಡು ಈ ಕುಲುಕಾಟವನ್ನು ಮರೆಮಾಚುತ್ತದೆ. 128 ಕಿಲೋಬಿಟ್‌ನ ಎಂಪಿ3 ಆದರೆ ಅಷ್ಟೇ ಸ್ಮೃತಿಯಲ್ಲಿ ಹನ್ನೊಂದು ಪಟ್ಟು ಹೆಚ್ಚು ಹೊತ್ತಿನ ಧ್ವನಿ ಹಿಡಿಸುವುದರಿಂದ ಕೆಟ್ಟ ರಸ್ತೆಯಲ್ಲಿ ಎಂಪಿ3 ಡಿಸ್ಕು ಸಾಮಾನ್ಯವಾಗಿ ಕಡಿಮೆ ತಡವರಿಸುತ್ತದೆ. ಗೀರುಗಳ ವಿಷಯದಲ್ಲಿ ಎರಡರ ನಡತೆ ಬೇರೆ ಬೇರೆ. ಆಡಿಯೋ ಸಿ.ಡಿ.ಯಲ್ಲಿ ಓದಲಾಗದ ಅಂಶವನ್ನು ಅಕ್ಕಪಕ್ಕದ ಮಾದರಿಗಳಿಂದ ಊಹಿಸಿ ತುಂಬಲಾಗುತ್ತದೆ, ಹೆಚ್ಚೆಂದರೆ ಟಕ್ ಎಂಬ ಸದ್ದು ಕೇಳೀತು. ಡೇಟಾ ಡಿಸ್ಕಿನಲ್ಲಿ ದೋಷ ತಿದ್ದುವ ವ್ಯವಸ್ಥೆ ಇನ್ನೂ ಒಂದು ಪದರ ಗಟ್ಟಿಯಾಗಿದೆ, ಆದರೆ ಅದೂ ಸೋತರೆ ಧ್ವನಿ ನಿಂತೇ ಹೋಗುತ್ತದೆ ಅಥವಾ ಮುಂದಿನ ಕಡತಕ್ಕೆ ಹಾರುತ್ತದೆ.

ಖಾಲಿ ಡಿಸ್ಕಿನ ಜಾತಿ

ಸಿ.ಡಿ.-ಆರ್, ಸಿ.ಡಿ.-ಆರ್‌ಡಬ್ಲ್ಯು, ಡಿ.ವಿ.ಡಿ.-ಆರ್ ನೋಡುವುದಕ್ಕೆ ಒಂದೇ ತೆರನಾಗಿವೆ. ಒಳಗಿನ ಸಂಗತಿ ಬೇರೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ. ತನ್ನ ಮೇಲೆ ಬಿದ್ದ ಲೇಸರ್ ಬೆಳಕಿನ ನೂರಕ್ಕೆ ಎಪ್ಪತ್ತರಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಹಿಂದಿರುಗಿಸುತ್ತದೆ. ಸಿ.ಡಿ.-ಆರ್‌ನಲ್ಲಿ ಲೋಹದ ಪದರದ ಕೆಳಗೆ ಬಣ್ಣದ ಸಾವಯವ ಪದರವಿದ್ದು, ಬರೆಯುವ ಲೇಸರಿನ ಶಾಖಕ್ಕೆ ಅದರಲ್ಲಿ ಗುರುತುಗಳು ಮೂಡುತ್ತವೆ. ಅದು ಹಿಂದಿರುಗಿಸುವ ಬೆಳಕು ಅಚ್ಚಿನ ಸಿ.ಡಿ.ಗಿಂತ ತುಸು ಮಾತ್ರ ಕಡಿಮೆ. ಸಿ.ಡಿ.-ಆರ್‌ಡಬ್ಲ್ಯು ಮಾತ್ರ ಬೇರೆಯೇ ತತ್ತ್ವದ್ದು. ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯೂರಿಯಂಗಳ ಮಿಶ್ರಲೋಹ ತನ್ನ ಸ್ಥಿತಿಯನ್ನು ಬದಲಿಸುತ್ತಾ ಬರಹವನ್ನು ಹಿಡಿದಿಡುತ್ತದೆ, ಅಳಿಸುವುದಕ್ಕೂ ಬಿಡುತ್ತದೆ. ಅದು ಹಿಂದಿರುಗಿಸುವ ಬೆಳಕು ನೂರಕ್ಕೆ ಹದಿನೈದರಿಂದ ಇಪ್ಪತ್ತೈದರಷ್ಟು ಮಾತ್ರ. ಆ ಮಂದ ಬೆಳಕಿಗೆ ತಕ್ಕಂತೆ ಸಂಕೇತವನ್ನು ಹಿಗ್ಗಿಸಿಕೊಳ್ಳುವ ಸೌಲಭ್ಯ ಹಳೆಯ ಸ್ಟೀರಿಯೋಗಳಲ್ಲಿ ಇಲ್ಲ. ಅವುಗಳ ಪಾಲಿಗೆ ಸೀಳಿನಲ್ಲಿ ಡಿಸ್ಕೇ ಇಲ್ಲದಂತೆ.

ಆದ್ದರಿಂದ ಕಾರಿಗೆ ಬರೆಯುವುದಿದ್ದರೆ ಸಿ.ಡಿ.-ಆರ್ ಒಂದೇ ಎಂದು ನಿಶ್ಚಯಿಸಿಕೊಳ್ಳುವುದು ಜಾಣತನ. ಮತ್ತೆ ಮತ್ತೆ ಬರೆಯಬಹುದೆಂಬ ಉಳಿತಾಯದ ಲೆಕ್ಕಾಚಾರಕ್ಕೆ ಮರುಳಾಗಿ ಆರ್‌ಡಬ್ಲ್ಯು ತಂದರೆ ಡಿಸ್ಕಿನ ಬೆಲೆಯೊಂದಿಗೆ ತಾಳ್ಮೆಯೂ ಖರ್ಚಾಗುತ್ತದೆ. ತುಂಡುಗಳ ಅನುಕ್ರಮ ಸರಿಯಿದೆಯೇ ಎಂದು ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸುವುದಕ್ಕಷ್ಟೇ ಅದು ಲಾಯಕ್ಕು.

ಡಿ.ವಿ.ಡಿ.-ಆರ್‌ನ 4.7 ಜಿಬಿ ಸ್ಥಳವೂ ಹಾಗೆಯೇ ಆಸೆ ಹುಟ್ಟಿಸುತ್ತದೆ. ಸಿ.ಡಿ. ಓದುವುದಕ್ಕೆ 780 ನ್ಯಾನೋಮೀಟರಿನ ಲೇಸರು ಬೇಕು, ಡಿ.ವಿ.ಡಿ.ಗೆ 650ರದ್ದು, ಸಿ.ಡಿ.ಗೆಂದೇ ಮಾಡಿದ ಸ್ಟೀರಿಯೋ ಡಿ.ವಿ.ಡಿ.ಯನ್ನು ಓದುವುದು ಭೌತಿಕವಾಗಿಯೇ ಅಸಾಧ್ಯ. ಮುಖದ ಮೇಲೆ ಡಿ.ವಿ.ಡಿ. ಚಿಹ್ನೆ ಇದ್ದರೆ ಮಾತ್ರ ಅದನ್ನು ಯೋಚಿಸಬಹುದು.

ಬಣ್ಣದ ಬಗ್ಗೆ ಒಂದು ಮಾತು. ಸಿ.ಡಿ.-ಆರ್‌ನ ಕೆಳಮೈ ಹಸಿರು ಛಾಯೆಯದ್ದೋ, ಗಾಢ ನೀಲಿಯದ್ದೋ, ಬಹುಪಾಲು ಬಣ್ಣವೇ ಇಲ್ಲದ್ದೋ ಆಗಿರುವುದು ಒಳಗಿನ ಸಾವಯವ ಪದರ ಯಾವುದೆಂಬುದರಿಂದ. ನೀಲಿ ಓಡದ ಸ್ಟೀರಿಯೋದಲ್ಲಿ ಬಿಳಿಚಿದ್ದು ಓಡುವುದು, ಬಿಳಿಚಿದ್ದು ಓಡದಲ್ಲಿ ನೀಲಿ ಓಡುವುದು ಎರಡೂ ಉಂಟು. ಒಂದು ಜಾತಿ ಒಪ್ಪದಿದ್ದರೆ ಇನ್ನೊಂದು ಬಣ್ಣದ್ದನ್ನು ಬಿಡಿಯಾಗಿ ತಂದು ನೋಡಿ, ಒಪ್ಪಿದ ಮೇಲೆ ಹತ್ತಿಪ್ಪತ್ತು ಕೊಂಡಿಟ್ಟುಕೊಳ್ಳುವುದು ಉತ್ತಮ. ಅಂಗಡಿಗಳಲ್ಲಿ ಖಾಲಿ ಡಿಸ್ಕುಗಳೇ ವಿರಳವಾಗುತ್ತಿರುವ ಈ ಕಾಲದಲ್ಲಿ ಆಯ್ಕೆಯ ಅವಕಾಶ ಕಡಿಮೆಯೆಂಬುದೂ ನಿಜ.

ಬರೆಯುವ ಕ್ರಮ

ಕಂಪ್ಯೂಟರು ಕೇಳುವ ಪ್ರಶ್ನೆಗಳಲ್ಲಿ ಮೂರಕ್ಕೆ ಸರಿಯಾಗಿ ಉತ್ತರಿಸಬೇಕು.

ಮೊದಲನೆಯದು ಡಿಸ್ಕಿನ ಬಗೆ. ವಿಂಡೋಸಿನಲ್ಲಿ ಖಾಲಿ ಡಿಸ್ಕು ಹಾಕಿದೊಡನೆ ಅದನ್ನು ಯುಎಸ್‌ಬಿ ಡ್ರೈವಿನಂತೆ ಬಳಸುವಿರೋ, ಸಿ.ಡಿ. ಪ್ಲೇಯರಿನಲ್ಲಿ ಓಡುವಂತೆ ಬರೆಯುವಿರೋ ಎಂಬ ಪ್ರಶ್ನೆ ಬರುತ್ತದೆ. ಮೊದಲನೆಯದು ಸುಲಭವೆಂದು ತೋರಿದರೂ ಅದು ಯುಡಿಎಫ್ ಎಂಬ ಕಡತವ್ಯವಸ್ಥೆಯನ್ನು ಬಳಸುತ್ತದೆ. ಕಾರಿನ ಸ್ಟೀರಿಯೋಗಳಿಗೆ ಗೊತ್ತಿರುವುದು ಐಎಸ್ಒ 9660 ಮತ್ತು ಅದರ ವಿಸ್ತರಣೆಯಾದ ಜೋಲಿಯೆಟ್. ಹಾಗಾಗಿ ಎಂಪಿ3 ಡಿಸ್ಕಿಗೆ ಎರಡನೆಯ ಆಯ್ಕೆಯೇ ಬೇಕು. ಆಡಿಯೋ ಸಿ.ಡಿ. ಬೇಕಿದ್ದರೆ ಈ ಕಿಟಕಿಯನ್ನು ಮುಚ್ಚಿ ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನ ಬರ್ನ್ ವಿಭಾಗದಲ್ಲಿ ‘ಆಡಿಯೋ ಸಿ.ಡಿ.’ ಎಂಬುದನ್ನು ಆರಿಸಬೇಕು. ಎಂಪಿ3 ಕಡತಗಳನ್ನು ಡಿಸ್ಕಿಗೆ ಎಳೆದು ಬಿಟ್ಟ ಮಾತ್ರಕ್ಕೆ ಅದು ಆಡಿಯೋ ಸಿ.ಡಿ. ಆಗುವುದಿಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಒದಗಿಸುವ ಲಿನಕ್ಸ್ ಆದುದರಿಂದ ಹಲವು ಮನೆಗಳ ಕಂಪ್ಯೂಟರುಗಳಲ್ಲೂ ಅದೇ ಇದೆ. ಅಂಥವರು ಬ್ರಸೆರೋ ಅಥವಾ ಕೆ3ಬಿ ಎಂಬ ಡಿಸ್ಕು ಬರೆಯುವ ತಂತ್ರಾಂಶ ಬಳಸಬಹುದು. ಆಡಿಯೋ ಮತ್ತು ಡೇಟಾ ಎಂಬ ಎರಡು ಬಾಗಿಲುಗಳನ್ನು ಅವು ಆರಂಭದಲ್ಲೇ ಬೇರ್ಪಡಿಸಿ ತೋರಿಸುವುದರಿಂದ ಗೊಂದಲ ಕಡಿಮೆ.

ಎರಡನೆಯದು ಮುಕ್ತಾಯ. ಡಿಸ್ಕಿನ ಆರಂಭದಲ್ಲಿ ಅದರಲ್ಲಿರುವುದರ ಪರಿವಿಡಿ ಬರೆಯಲ್ಪಟ್ಟಾಗಲೇ ಸ್ಟೀರಿಯೋ ಅದನ್ನು ಗುರುತಿಸುವುದು. ‘ಫೈನಲೈಸ್’ ಅಥವಾ ‘ಕ್ಲೋಸ್ ಡಿಸ್ಕ್’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಪರಿವಿಡಿ ಅಪೂರ್ಣವಾಗಿ ಉಳಿದು, ಬರೆದ ಕಂಪ್ಯೂಟರಿನಲ್ಲಿ ಮಾತ್ರ ಹಾಡು ಕೇಳುತ್ತದೆ. ಉಳಿದ ಜಾಗದಲ್ಲಿ ಮುಂದೆ ಎಂದಾದರೂ ಇನ್ನಷ್ಟು ಹಾಡು ಸೇರಿಸೋಣವೆಂದು ಡಿಸ್ಕನ್ನು ತೆರೆದಿಡುವ ಅಭ್ಯಾಸ ಕಾರಿನ ಮಟ್ಟಿಗೆ ಹೊಂದುವುದಿಲ್ಲ. ಹಲವು ಸ್ಟೀರಿಯೋಗಳು ಮೊದಲ ಸಲ ಬರೆದುದನ್ನಷ್ಟೇ ನೋಡುತ್ತವೆ. ಆಡಿಯೋ ಸಿ.ಡಿ.ಗೆ ‘ಡಿಸ್ಕ್ ಅಟ್ ಒನ್ಸ್’ ಎಂಬ ವಿಧಾನವನ್ನೇ ಆರಿಸಿ, ಲೇಸರು ನಡುವೆ ಎಲ್ಲೂ ನಿಲ್ಲದೆ ಆದಿಯಿಂದ ಅಂತ್ಯದವರೆಗೆ ಬರೆಯಲಿ. ‘ಟ್ರ್ಯಾಕ್ ಅಟ್ ಒನ್ಸ್’ ವಿಧಾನದಲ್ಲಿ ಪ್ರತಿ ಹಾಡಿನ ನಡುವೆ ಸಾಮಾನ್ಯವಾಗಿ ಎರಡು ಸೆಕೆಂಡಿನ ಬಿಡುವು ಬೀಳುತ್ತದೆ, ಸಂಧಿಗಳಲ್ಲಿ ಹಳೆಯ ಸ್ಟೀರಿಯೋ ಎಡವುವುದೂ ಉಂಟು. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಬಿಡುವಿಲ್ಲದೆ ಬರೆಯುವ ಆಯ್ಕೆಯೂ, ಹಾಡುಗಳ ಧ್ವನಿಯ ಎತ್ತರವನ್ನು ಸಮಗೊಳಿಸುವ ಆಯ್ಕೆಯೂ ಇವೆ. ಕ್ಯಾಸೆಟ್ಟಿನಿಂದ ಇಳಿಸಿದ್ದನ್ನೂ ಈಚಿನ ಮುದ್ರಣಗಳನ್ನೂ ಒಂದೇ ಡಿಸ್ಕಿನಲ್ಲಿ ಬೆರೆಸುವವರಿಗೆ ಎರಡನೆಯದು ತೀರಾ ಅಗತ್ಯ.

ಮೂರನೆಯದು ವೇಗ. ಡಿಸ್ಕಿನ ಮೇಲೆ 52 ಎಕ್ಸ್ (ಹಾಡು ಕೇಳುವ ಸಾಮಾನ್ಯ ವೇಗದ 52 ಪಟ್ಟು) ಎಂದಿರುವುದು ಗರಿಷ್ಠ ಮಿತಿ, ಅದೇ ವೇಗದಲ್ಲಿ ಬರೆಯಬೇಕೆಂಬ ಆಜ್ಞೆಯಲ್ಲ. 8 ಎಕ್ಸ್‌ನಿಂದ 16 ಎಕ್ಸ್‌ವರೆಗಿನ ವೇಗದಲ್ಲಿ ತುಂಬಿದ ಡಿಸ್ಕೊಂದು ಐದರಿಂದ ಹತ್ತು ನಿಮಿಷಗಳಲ್ಲಿ ಸಿದ್ಧವಾಗುತ್ತದೆ, ಗುರುತುಗಳೂ ಸ್ಫುಟವಾಗಿ ಮೂಡುತ್ತವೆ. ಅದಕ್ಕಿಂತಲೂ ನಿಧಾನವಾದರೆ ಇನ್ನೂ ಒಳ್ಳೆಯದೆಂಬ ನಂಬಿಕೆಗೆ ಈಗ ಆಧಾರವಿಲ್ಲ. ಇಂದಿನ ಡಿಸ್ಕುಗಳ ಪದರವನ್ನು ಹೆಚ್ಚಿನ ವೇಗಕ್ಕೆಂದೇ ಹದಗೊಳಿಸಿರುತ್ತಾರೆ.

ಕಡತದ ಹೆಸರು, ಡಿಸ್ಕಿನ ಚೀಟಿ

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದು ಬರುವ ತಾಳಮದ್ದಳೆಯ ತುಣುಕುಗಳು ಓಪಸ್ ಅಥವಾ ಎಂ4ಎ ಸ್ವರೂಪದಲ್ಲಿರುವುದೇ ಹೆಚ್ಚು. ಅವನ್ನು ಹಾಗೆಯೇ ಡಿಸ್ಕಿಗೆ ಹಾಕಿದರೆ ಎಂಪಿ3 ಸ್ಟೀರಿಯೋಗೆ ಅವು ಕಾಣಿಸುವುದೇ ಇಲ್ಲ. ಕಡತದ ಬಾಲದಲ್ಲಿ ಎಂಪಿ3 ಎಂದು ಹೆಸರು ತಿದ್ದಿದರೂ ಪ್ರಯೋಜನವಿಲ್ಲ. ತಂತ್ರಾಂಶದ ಮೂಲಕ ನಿಜವಾಗಿಯೂ ಪರಿವರ್ತಿಸಬೇಕು.

ಕಡತಗಳಿಗೆ ಕನ್ನಡ ಲಿಪಿಯಲ್ಲಿ ಹೆಸರಿಡುವುದು ಕಂಪ್ಯೂಟರಿನಲ್ಲಿ ಚೆನ್ನ. ಹಳೆಯ ಸ್ಟೀರಿಯೋದ ಪರದೆಯಲ್ಲಿ ಮಾತ್ರ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಯೋ ಖಾಲಿಯಾಗಿಯೋ ಕಾಣುತ್ತದೆ. ಕಾರಿನ ಪ್ರತಿಗೆ ರೋಮನ್ ಅಕ್ಷರಗಳ ಚಿಕ್ಕ ಹೆಸರುಗಳನ್ನು ಕೊಟ್ಟು, ಮುಂದೆ 01, 02 ಎಂದು ಎರಡಂಕಿಯ ಸಂಖ್ಯೆ ಇಡಬೇಕು. ಒಂದಂಕಿ ಮಾತ್ರ ಇಟ್ಟರೆ ಒಂದರ ಬೆನ್ನಿಗೆ ಹತ್ತು ಬಂದು, ಪ್ರಸಂಗದ ಪೀಠಿಕೆ ಮುಗಿಯುವ ಮೊದಲೇ ಯುದ್ಧ ಆರಂಭವಾಗಬಹುದು.

ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. 1.2 ಮಿಲಿಮೀಟರು ದಪ್ಪದ ಡಿಸ್ಕಿಗೆಂದೇ ಮಾಡಿದ ಸೀಳಿನೊಳಗೆ ಚೀಟಿಯ ಅಂಚು ಬಿಸಿಲಿನ ಶಾಖಕ್ಕೆ ಎದ್ದರೆ ಡಿಸ್ಕು ಒಳಗೇ ಸಿಕ್ಕಿಬೀಳುತ್ತದೆ, ಸ್ಟೀರಿಯೋ ಬಿಚ್ಚದೆ ಅದು ಹೊರಗೆ ಬರುವುದಿಲ್ಲ. ಎಂಟು ಸೆಂಟಿಮೀಟರಿನ ಪುಟ್ಟ ಡಿಸ್ಕುಗಳನ್ನು ಸೀಳಿಗೆ ಹಾಕುವುದೂ ಅಷ್ಟೇ ಅಪಾಯಕರ. ಹೆಸರು ಬರೆಯಲು ಸಿ.ಡಿ.ಗೆಂದೇ ಇರುವ ಮೆದು ತುದಿಯ ಪೆನ್ನು ಬಳಸಬೇಕು. ಬಾಲ್‌ಪೆನ್ ಬೇಡ, ಬರಹವಿರುವ ಪದರವು ಡಿಸ್ಕಿನ ಕೆಳಮೈಯ ಹತ್ತಿರ ಇಲ್ಲ, ಚೀಟಿಯ ಬದಿಯಲ್ಲಿ, ತೆಳುವಾದ ಅರಗಿನ ಲೇಪದ ಅಡಿಯಲ್ಲೇ ಇದೆ. ಕೆಳಗಿನ ಗೀರನ್ನು ಉಜ್ಜಿ ಸರಿಪಡಿಸಬಹುದು, ಮೇಲಿನದನ್ನು ಸಾಧ್ಯವಿಲ್ಲ.

ಡಿಸ್ಕನ್ನೇ ಬಿಡುವುದಾದರೆ

ಯುಎಸ್‌ಬಿ ಕಿಂಡಿ ಇರುವ ಸ್ಟೀರಿಯೋದಲ್ಲಿ ಪೆನ್ ಡ್ರೈವ್ ಎಲ್ಲ ರೀತಿಯಿಂದಲೂ ಮೇಲು. ಅಲ್ಲಿ ಕುಲುಕಾಟದ ಭಯವಿಲ್ಲ, ಬೇಡವಾದದ್ದನ್ನು ಅಳಿಸಬಹುದು, ಒಂದು ಊರಿನ ಎಲ್ಲ ಕೂಟಗಳೂ ಅದರಲ್ಲಿ ಹಿಡಿಸುತ್ತವೆ. ಅದನ್ನು ಫ್ಯಾಟ್32 ರೂಪದಲ್ಲಿ ಫಾರ್ಮ್ಯಾಟ್ ಮಾಡಿರಬೇಕೆಂಬುದೊಂದೇ ನಿಯಮ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳನ್ನು ಹಳೆಯ ಸ್ಟೀರಿಯೋಗಳು ಓದುವುದಿಲ್ಲ. ಆಕ್ಸ್ ತೂತಿದ್ದರೆ ತಂತಿಯ ಮೂಲಕ ಫೋನನ್ನೇ ಜೋಡಿಸಬಹುದು, ಧ್ವನಿಯೂ ಸೊಗಸಾಗಿರುತ್ತದೆ. ಕ್ಯಾಸೆಟ್ ಹಾಕುವ ಬಾಯಿ ಉಳಿದಿರುವ ಬಲು ಹಳೆಯ ಕಾರುಗಳಿಗೆ ಕ್ಯಾಸೆಟ್ ಆಕಾರದ ಅಡಾಪ್ಟರು ಸಿಗುತ್ತದೆ.

ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರುಗಳನ್ನು ಬಹಳ ಮಂದಿ ಕೊಳ್ಳುತ್ತಾರೆ. ಗಡಿನಾಡಿನಲ್ಲಿ ಅವುಗಳಿಂದ ಸುಖ ಕಡಿಮೆ. ತಲಪಾಡಿ, ಮಂಜೇಶ್ವರದ ಕಡೆ ಮಂಗಳೂರಿನ ನಿಲಯಗಳು ಬಲವಾಗಿ ಕೇಳುತ್ತವೆ, ಆಕಾಶವಾಣಿಯದ್ದು 100.3 ಮೆಗಾಹರ್ಟ್ಸ್. ತೆಂಕಣಕ್ಕೆ ಇಳಿದಂತೆ ಕಣ್ಣೂರಿನವು ಎದುರಾಗುತ್ತವೆ, ಅಲ್ಲಿನ ಆಕಾಶವಾಣಿ 101.5ರಲ್ಲಿದೆ. ಎರಡೂ ಊರುಗಳ ಖಾಸಗಿ ನಿಲಯಗಳು ಬೇರೆ. ಕುಂಬಳೆಯಲ್ಲಿ ಖಾಲಿಯಿದ್ದ ಜಾಗ ಹೊಸದುರ್ಗಕ್ಕೆ ತಲುಪುವಾಗ ಖಾಲಿಯಿರುವುದಿಲ್ಲ. ಕರ್ಣನ ಅರ್ಥದ ನಡುವೆ ಮಲಯಾಳದ ಜಾಹೀರಾತು ನುಗ್ಗುತ್ತದೆ. ಬೇರಾವ ದಾರಿಯೂ ಇಲ್ಲದಾಗ ಮಾತ್ರ ಅದಕ್ಕೆ ಹಣ ಹಾಕಬಹುದು. ಸಿ.ಡಿ. ಸೀಳು ಮಾತ್ರ ಇರುವ ಕಾರಿನಲ್ಲಿ ಟ್ರಾನ್ಸ್‌ಮಿಟರಿಗಿಂತ ಸರಿಯಾಗಿ ಬರೆದ ಡಿಸ್ಕೇ ಸ್ವಚ್ಛವಾಗಿ ಕೇಳುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಓಡದಿದ್ದಾಗ ದೋಷ ಎಲ್ಲಿದೆ?

ಅಂಗಡಿಯಲ್ಲಿ ಕೊಂಡ ಅಚ್ಚಿನ ಸಿ.ಡಿ.ಯೊಂದನ್ನು ಮೊದಲು ಹಾಕಿ ನೋಡಬೇಕು. ಅದೂ ಓಡದಿದ್ದರೆ ದೋಷ ನಿಮ್ಮ ಬರಹದಲ್ಲಿಲ್ಲ. ಮಸೂರಕ್ಕೆ ಧೂಳು ಹಿಡಿದಿರಬಹುದು. ಮುರಕಲ್ಲಿನ ಕೆಂಪು ಧೂಳು ಬೇಸಗೆಯಿಡೀ ಕಾರಿನೊಳಗೆ ಸೇರುವ ನಮ್ಮ ಊರುಗಳಲ್ಲಿ ಇದು ಸಾಮಾನ್ಯ. ಚಿಕ್ಕ ಕುಂಚಗಳಿರುವ ಮಸೂರ ಶುಚಿಗೊಳಿಸುವ ಡಿಸ್ಕು ಆಗ ಉಪಯೋಗಕ್ಕೆ ಬರುತ್ತದೆ. ಮಳೆಗಾಲದ ತೇವ ಮಸೂರದ ಮೇಲೆ ಮಂಜುಗಟ್ಟಿದ್ದರೆ ಸ್ವಲ್ಪ ಹೊತ್ತು ಎ.ಸಿ. ಓಡಿಸಿ ಕಾದರೆ ಸಾಕು.

ಅಚ್ಚಿನದು ಓಡಿ, ನೀವು ಬರೆದದ್ದು ಓಡದಿದ್ದರೆ ಅದನ್ನು ಮನೆಯ ಡಿ.ವಿ.ಡಿ. ಪ್ಲೇಯರಿಗೆ ಹಾಕಿ ನೋಡಿ. ಅಲ್ಲಿಯೂ ಇಲ್ಲವೆಂದರೆ ಮುಕ್ತಾಯಗೊಳಿಸದ ಡಿಸ್ಕು ಅಥವಾ ಯುಡಿಎಫ್ ಎಂದು ಊಹಿಸಬಹುದು. ಅಲ್ಲಿ ಓಡಿ ಕಾರಿನಲ್ಲಿ ಓಡದಿದ್ದರೆ ಎಂಪಿ3 ಸ್ವರೂಪವನ್ನೋ ಆರ್‌ಡಬ್ಲ್ಯು ಜಾತಿಯನ್ನೋ ಶಂಕಿಸಬೇಕು. ಎರಡೂ ಅಲ್ಲವಾದರೆ ವಯಸ್ಸಾದ ಲೇಸರು ಬಳಲಿರುವ ಸಾಧ್ಯತೆ ಇದೆ, ಬೇರೆ ಬಣ್ಣದ ಸಿ.ಡಿ.-ಆರ್ ಪ್ರಯತ್ನಿಸಬೇಕು. ಆರಂಭದ ಹಾಡುಗಳು ಸರಿಯಾಗಿದ್ದು ಕೊನೆಯವು ಮಾತ್ರ ತಡವರಿಸುತ್ತವೆಯೇ? ಸಿ.ಡಿ.ಯನ್ನು ಓದುವುದು ನಡುವಿನಿಂದ ಅಂಚಿನ ಕಡೆಗೆ; ತುಸು ಬಾಗಿದ ಡಿಸ್ಕಿನ ಕಂಪನವೂ ವೇಗದ ಬರಹದ ದೋಷಗಳೂ ಅಂಚಿನಲ್ಲೇ ಹೆಚ್ಚು. ಆಗ 80 ನಿಮಿಷ ತುಂಬಿಸದೆ 65, 70 ನಿಮಿಷಗಳಿಗೆ ನಿಲ್ಲಿಸಿ, ವೇಗ ಇಳಿಸಿ ಇನ್ನೊಂದು ಪ್ರತಿ ಬರೆಯಬೇಕು. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟ ಡಿಸ್ಕು ಬಾಗುತ್ತದೆ, ಅದರ ಸಾವಯವ ಪದರವೂ ಬೆಳಕಿಗೆ ಕ್ರಮೇಣ ಕಂದುತ್ತದೆ. ಆದ್ದರಿಂದ ಕಾರಿನಲ್ಲಿ ಇರುವುದು ಯಾವತ್ತೂ ಪ್ರತಿಯಾಗಿರಲಿ. ಮೂಲ ಕಡತಗಳು ಮನೆಯಲ್ಲಿ ಎರಡು ಕಡೆ ಇರಲಿ.

ಲೇಸರೇ ಸೋತಿದ್ದರೆ ರಿಪೇರಿಗಿಂತ ಸ್ಟೀರಿಯೋ ಬದಲಿಸುವುದು ಸುಲಭ. ಒಂಟಿ ಗಾತ್ರದ ಸ್ಟೀರಿಯೋಗಳ ಮುಖ 180 ಮಿಲಿಮೀಟರು ಅಗಲ, 50 ಮಿಲಿಮೀಟರು ಎತ್ತರವಿದ್ದು, ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಕೂರುತ್ತದೆ. ಈಗ ಅಂಗಡಿಯಲ್ಲಿ ತೋರಿಸುವ ಹೊಸ ಮಾದರಿಗಳಲ್ಲಿ ಹಲವಕ್ಕೆ ಸಿ.ಡಿ. ಸೀಳೇ ಇಲ್ಲ, ಬರೆದಿಟ್ಟ ಡಿಸ್ಕುಗಳ ರಾಶಿ ಇರುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು. ಸೀಳಿರುವ ಮಾದರಿ ಸಿಕ್ಕಿದರೆ, ಹಣ ಕೊಡುವ ಮುನ್ನ ನಿಮ್ಮ ಮನೆಯಲ್ಲೇ ಬರೆದ, ಅಂಚಿನವರೆಗೆ ತುಂಬಿದ ಡಿಸ್ಕೊಂದನ್ನು ಅಂಗಡಿಯಲ್ಲೇ ಹಾಕಿಸಿ, ಕೊನೆಯ ಟ್ರ್ಯಾಕನ್ನು ಪೂರ್ತಿ ಕೇಳಿ ನೋಡಿ.